ಚಿಗವ್ವನ ಸ್ಕೂಟು

ನೀಲವ್ವ ಚಿಗವ್ವ ಪ್ರೀತಿಯಿಂದ ಕೆನ್ನೆ ಸವರಿದರೆ ಕೆನ್ನೆ ಉರಿಯುತ್ತಿತ್ತು. ಆಕೆಯ ಅಂಗೈ ಅಷ್ಟು ಗಡುಸು. ಬೇರೆಯವರ ಹಿಮ್ಮಡಿಯಲ್ಲಿರುವಂಥ ಚರ್ಮ ಆಕೆಯ ಅಂಗೈಯಲ್ಲಿತ್ತು. ಹಿಮ್ಮಡಿಗಳು ಮಾತ್ರ ಇನ್ನೂ ನಡೆಯಲು ಕಲಿಯದ ಕೂಸಿನ ಹಿಮ್ಮಡಿಯಂತೆ ಮೆತ್ತಗಿದ್ದವು. "ದೇವರು ಮೊದಲ ಕಾಲಿಗೆ ಕೊಟ್ಟಿದ್ದ ತೊಗಲು ಇದು. ಆಮ್ಯಾಲ ವಿಚಾರ ಮಾಡಿ ಕೈಗೆ ವರ್ಗಾ ಮಾಡ್ಯಾನ," ಎಂದು ತಾನೇ ಹೇಳಿ ನಗುತ್ತಿದ್ದಳು.

ಆಕೆ ನನ್ನ ಅಪ್ಪನ ತಮ್ಮ ಬಸಲಿಂಗ ಕಾಕಾನ ಹೆಂಡತಿ. ಖಾನಾಪುರ ದಾಟಿ ಸ್ವಲ್ಪ ಮುಂದೆ ಹೋದರೆ ಡಾಂಬರು ರಸ್ತೆಯ ಪಕ್ಕದಲ್ಲಿ ಕಾಕಾನ ಕಿರಾಣಿ ಅಂಗಡಿ. ಅಂಗಡಿಯ ಬಾಜೂಕ್ಕೆ ಒಂದು ಮುರುಮಿನ, ಅಂದರೆ ಕೆಂಪು ಜಲ್ಲಿಮಣ್ಣಿನ, ದಾರಿ ಏರುತ್ತದೆ. ಆ ಏರಿನ ಮೇಲೆ ಕೆಂಪು ಕಲ್ಲಿನ ಗೋಡೆಯ, ಹೆಂಚಿನ ಮನೆ. ಮಕ್ಕಳಿರಲಿಲ್ಲ. ಸಾಲೆಗೆ ರಜೆ ಬಂತೆಂದರೆ ನಾವೆಲ್ಲ ಬೆಳಗಾವಿಯಿಂದ ಅಲ್ಲಿಗೇ ಹೋಗುತ್ತಿದ್ದೆವು. ಆಗಿನ ಚಿಗವ್ವ ನಡೆದರೆ ನಾವು ಹಿಂದೆ ಓಡಬೇಕಾಗುತ್ತಿತ್ತು. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೊಡ ಇದ್ದಾಗಲೂ ಏರು ಹತ್ತುವಾಗ ಮಾತು ನಿಲ್ಲಿಸುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಆ ಕಡೆ ಪ್ರತಿ ಮನೆಯ ಕೆಲಸ. ಒಡೆದದ್ದು ತೆಗೆದು ಬೇರೆ ಇಡಬೇಕು, ಸರಿದದ್ದನ್ನು ಜೋಡಿಸಬೇಕು. ಆ ವರ್ಷ ಆಳುಗಳು ಇವತ್ತು ನಾಳೆ ಅನ್ನುತ್ತ ಬರಲೇ ಇಲ್ಲ. ಆಕಾಶದಲ್ಲಿ ಮೋಡ ಕೂಡಿದ್ದು ಕಂಡು ಚಿಗವ್ವ ತಾನೇ ಏಣಿ ಹಾಕಿ ಹತ್ತಿದಳು. ಹೆಂಚಿನ ಕೆಳಗಿನ ಒಂದು ರೀಪು ಹುಳ ತಿಂದು ಟೊಳ್ಳಾಗಿತ್ತು, ಕಾಲಿಟ್ಟೊಡನೆ ಮುರಿಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆನ್ನು ಕೊಟ್ಟು ಬಿದ್ದಳು.

ಬೆಳಗಾವಿಯ ನೆಹರು ನಗರದ ದವಾಖಾನೆಯಲ್ಲಿ ಆಪರೇಶನ್ ಆಯಿತು. ಸೊಂಟದ ಕೆಳಗೆ ಇನ್ನು ಏನೂ ತಿಳಿಯುವುದಿಲ್ಲ, ನಡೆಯುವ ಆಸೆ ಇಟ್ಟುಕೊಳ್ಳಬೇಡಿ ಎಂದು ದೊಡ್ಡ ಡಾಕ್ಟರು ಕಾಕಾನನ್ನು ಹೊರಗೆ ಕರೆದು ಹೇಳಿದರು. ಕಾಕಾ ಒಳಗೆ ಬಂದು ಆಕೆಯ ಹೊದಿಕೆ ಸರಿ ಮಾಡಿದ. ಚಿಗವ್ವ ಅವನ ಮುಖ ನೋಡಿಯೇ ತಿಳಿದುಕೊಂಡಳು. ಅವತ್ತಿನಿಂದ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಕೆಲಸ ಮುಗಿಸಿ ಬಸ್ಸು ಹಿಡಿದು ದಿನಾ ಸಂಜೆ ಹೋಗಿ ಕೂರುತ್ತಿದ್ದೆ. ನಾನು ಮಾತಾಡುತ್ತಿದ್ದೆ, ಗೋಡೆ ಕೇಳುತ್ತಿತ್ತು. ಅಷ್ಟು ಮಾತಿನ ಹೆಂಗಸು ಒಂದು ಮಾತೂ ಇಲ್ಲದೆ ಮಲಗಿದ್ದು ನೋಡಿದರೆ ಭಯವಾಗುತ್ತಿತ್ತು.

ಹೀಗಿರುವಾಗ ಪದ್ಮಶ್ರೀ ಬಂದಳು. ಫಿಜಿಯೋಥೆರಪಿಯ ಹುಡುಗಿ, ಬೆಳಗಾವಿಯವಳೇ, ಜೈನರ ಮನೆಯವಳು. ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷು. ಚಿಕ್ಕಮ್ಮನಿಗೆ ಆಕೆ ಮರಾಠಿಯಲ್ಲಿ ಮಾವಶಿ ಅನ್ನುವಳು.

"ಮಾವಶಿ, ಇವತ್ತ ನಾವು ಸ್ಕೂಟ್ ಮಾಡೂಣು," ಅಂದಳು.

ಎಷ್ಟೋ ದಿನಗಳ ಮೇಲೆ ಚಿಗವ್ವ ಗೋಡೆಯಿಂದ ಮುಖ ತಿರುಗಿಸಿದಳು. "ಏನ ಮಾಡೂಣು?"

"ಸ್ಕೂಟ್ ರೀ, ಸ್ಕೂಟ್."

"ನೆಟ್ಟಗ ಇದ್ದಾಗನ ನನಗ ಸ್ಕೂಟಿ ಹೊಡ್ಯಾಕ ಬರತಿದ್ದಿಲ್ಲ. ಈಗ ಹೊಡಿ ಅಂತೀಯಲ್ಲ ನಮ್ಮವ್ವಾ!"

ಪಕ್ಕದ ಮಂಚದವರೆಲ್ಲ ನಕ್ಕರು. ಪದ್ಮಶ್ರೀ ಸೊಂಟ ಹಿಡಿದುಕೊಂಡು ನಕ್ಕಳು. ಆಮೇಲೆ ಚಪ್ಪಲಿ ಬಿಟ್ಟು ಖಾಲಿ ಇದ್ದ ಮಂಚದ ಮೇಲೆ ತಾನೇ ಹತ್ತಿ, ಕಾಲು ಚಾಚಿ ಕುಳಿತು ತೋರಿಸಿದಳು. ಎರಡೂ ಅಂಗೈ ಪಕ್ಕದಲ್ಲಿ ಊರಬೇಕು, ಮುಂದೆ ಬಾಗಬೇಕು, ತೋಳಿನ ಬಲದ ಮೇಲೆ ಮೈ ಎತ್ತಬೇಕು, ಸ್ವಲ್ಪ ಆಚೆ ಇಡಬೇಕು. "ತಲಿ ಆ ಕಡೆ ಒಗೀರಿ, ಸ್ವಂಟ ಈ ಕಡೆ ಬರತೈತಿ. ಆದರ ಎಳೀಬ್ಯಾಡ್ರಿ ಮಾವಶಿ. ಎತ್ತಬೇಕು, ಇಡಬೇಕು. ನಿಮಗ ಕೆಳಗ ನೋವು ತಿಳ್ಯಾಂಗಿಲ್ಲ. ಎಳದ್ರ ತೊಗಲ ಹರೀತೈತಿ, ನಿಮಗ ಗೊತ್ತ ಆಗಾಂಗಿಲ್ಲ. ಆ ಗಾಯ ಜೀವಾ ತಗೋತೈತಿ."

ಚಿಗವ್ವ ಅದನ್ನು ಗಮನವಿಟ್ಟು ಕೇಳಿದಳು. ಆದರೆ ಕೇಳಿದಷ್ಟು ಸುಲಭಕ್ಕೆ ಬರಲಿಲ್ಲ. ತೋಳು ನಡುಗುತ್ತಿದ್ದವು, ಮೈ ಒಂದು ಕಡೆ ವಾಲುತ್ತಿತ್ತು. ಬೆವರಿನಿಂದ ಕುಪ್ಪಸ ತೊಯ್ದು ಮೈಗೆ ಅಂಟುತ್ತಿತ್ತು. ಒಂದು ಸಂಜೆ ನಾನು ಹೋದಾಗ ಹಲ್ಲು ಕಚ್ಚಿಕೊಂಡು ಮೈ ಎತ್ತಿದಳು, ಎತ್ತಿದ್ದನ್ನು ನಾಲ್ಕು ಬೆರಳಿನಷ್ಟು ಆಚೆ ಇಟ್ಟಳು. ಇಟ್ಟು, ತಾನು ಮೊದಲು ಕುಳಿತಿದ್ದ ಜಾಗವನ್ನು ನೋಡಿದಳು. ಹಾಸಿಗೆಯ ಮೇಲೆ ಆಕೆಯ ಮೈ ಕೂತಿದ್ದ ತಗ್ಗು ಹಾಗೇ ಇತ್ತು. ಅದನ್ನು ಅಂಗೈಯಿಂದ ಸವರಿ, "ಇಲ್ಲಿದ್ದೆ. ಈಗ ಇಲ್ಲಿ ಅದೀನಿ," ಅಂದಳು. ಮಂಚದ ಕಾಲ ಕಡೆ ನಿಂತಿದ್ದ ಕಾಕಾ ಕಿಟಕಿಯ ಕಡೆ ತಿರುಗಿಕೊಂಡ. ಮನುಷ್ಯರು ಚಂದ್ರನ ಮೇಲೆ ಇಳಿದದ್ದನ್ನು ಟಿವಿಯಲ್ಲಿ ನೋಡಿದ್ದೇನೆ. ಅವತ್ತು ಆ ಮಂಚದ ಮೇಲೆ ಕಂಡದ್ದರ ಮುಂದೆ ಅದು ನನಗೆ ದೊಡ್ಡದೆನಿಸುವುದಿಲ್ಲ.

ಸ್ಕೂಟ್ ಎಂಬ ಆ ಶಬ್ದದ ಅರ್ಥ ಏನೆಂದು ನಾನು ಮಂಚದ ಪಕ್ಕದಲ್ಲೇ ಕುಳಿತು ಮೊಬೈಲಿನ ನಿಘಂಟಿನಲ್ಲಿ ಹುಡುಕಿದೆ. ಥಟ್ಟನೆ ಓಡಿಹೋಗು, ಕಾಲ್ಕೀಳು ಎಂದಿತ್ತು. ಮೊಬೈಲು ಮಗುಚಿ ಇಟ್ಟೆ. ಚಿಗವ್ವನ ಕಣ್ಣು ತಪ್ಪಿಸುವುದು ಎಲ್ಲಿ ಸಾಧ್ಯ?

"ಏನ ಬರದೈತಿ? ಓದು."

"ಏನಿಲ್ಲ ಬಿಡ ಚಿಗವ್ವ."

"ಸವೀ, ಓದು ಅಂದೆ."

ಓದಿದೆ. ಕೆಳಗೆ ಇನ್ನೊಂದು ಅರ್ಥ ಇತ್ತು, ಅದನ್ನೂ ಓದಿದೆ: ಕುಳಿತಲ್ಲಿಂದಲೇ ಸ್ವಲ್ಪ ಸರಿ, ಜಾಗ ಮಾಡು. ಚಿಗವ್ವ ಎರಡು ಬೆರಳು ಮಡಚಿ ಎಣಿಸಿದಳು. "ಓಡೂದೂ ಅದ, ಕುಂತಲ್ಲೆ ಸರಿಯೂದೂ ಅದ?"

"ಹೂಂ."

"ಇಂಗ್ಲಿಷ್ ಮಂದಿ ಭಾಳ ಶ್ಯಾಣ್ಯಾರು," ಅಂದಳು. ಆಮೇಲೆ ಊಟ ಕೇಳಿದಳು. ಅಲ್ಲಿಯತನಕ ನಾವೇ ಬಲವಂತ ಮಾಡಿ ತುತ್ತು ಇಡುತ್ತಿದ್ದೆವು.

ಮನೆಗೆ ಹೋಗುವಾಗ ಆಕೆಯ ಜೊತೆ ಒಂದು ಗಾಲಿಕುರ್ಚಿ ಹೋಯಿತು. ಆದರೆ ಹಳೆಯ ಮನೆ, ಕೋಣೆಗೊಂದು ಎತ್ತರದ ಹೊಸ್ತಿಲು. ಕುರ್ಚಿ ಒಳಗೆ ತಿರುಗುತ್ತಿರಲಿಲ್ಲ. ಚಿಗವ್ವ ಹಳೆಯ ಸೀರೆಗಳನ್ನು ಪದರ ಪದರ ಹಾಕಿ ದಪ್ಪನೆಯ ಕೌದಿಯ ತುಂಡೊಂದನ್ನು ಹೊಲಿದುಕೊಂಡಳು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಎತ್ತಿ ಇಡುತ್ತ, ಎತ್ತಿ ಇಡುತ್ತ ಮನೆಯೆಲ್ಲ ಓಡಾಡಿದಳು. ಓಡಾಡಿದಳು ಎಂದೇ ಬರೆಯುತ್ತೇನೆ. ಒಲೆ ಕಟ್ಟೆಯನ್ನು ಕಾಕಾ ಒಡೆಸಿ ನೆಲಕ್ಕೆ ಇಳಿಸಿದ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಹಿತ್ತಲಲ್ಲಿ ಮೆಣಸಿನ ಸಸಿ ಹಚ್ಚಿದಳು. ಮೊದಮೊದಲು ನೋಡಲು ಬಂದ ನೆಂಟರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಅಳೂದಿದ್ರ ಹೊರಗ ಅತ್ತು ಬರ್ರಿ, ನಾ ನೆಲಾ ಒರಸೀನಿ," ಎಂದು ಅವರನ್ನು ಗದರಿಸುತ್ತಿದ್ದಳು.

ಆ ಇಂಗ್ಲಿಷ್ ಶಬ್ದವನ್ನು ಮಾತ್ರ ದವಾಖಾನೆಯಲ್ಲಿ ಬಿಟ್ಟು ಬರಲಿಲ್ಲ. ಅದು ನಮ್ಮ ಮನೆಮಾತಾಯಿತು. ಅಡಿಗೆಮನೆಗೆ ನುಗ್ಗಿದ ಕೋಳಿಗೆ "ಸ್ಕೂಟ್! ಸ್ಕೂಟ್!" ಹೊರಸಿನ ಮೇಲೆ ಪೂರ್ತಿ ಹರಡಿಕೊಂಡು ಕುಳಿತ ಕಾಕಾನಿಗೆ "ಒಂದೀಟ ಸ್ಕೂಟ್ರೀ, ನಾನೂ ಮನಷ್ಯಾಳ ಅದೀನಿ." ಪಕ್ಕದ ಮನೆಯ ಮರಾಠಿ ಹೆಂಗಸು ಇಂದೂಬಾಯಿ ಸೊಸೆಯ ಮೇಲೆ ಚಾಡಿ ಹೇಳಲು ಶುರು ಮಾಡಿದರೆ "ಆ ಮಾತು ಸ್ಕೂಟ್ ಮಾಡ ಇಂದೂಬಾಯಿ, ಬ್ಯಾರೆ ಹೇಳು." ಇಂದೂಬಾಯಿಯೂ ಅದನ್ನು ಕಲಿತಳು. ಆಕೆಯ ಬಾಯಲ್ಲಿ ಅದು "ಸ್ಕೂಟ ಹೋ ಗೋ" ಎಂದು ಅಪ್ಪಟ ಮರಾಠಿಯಾಗಿ ಹೊರಡುತ್ತಿತ್ತು. ನನ್ನ ಮದುವೆಯ ಮಾತುಕತೆ ಒಂದು ಕಡೆ ಮುರಿದುಬಿದ್ದು ನಾನು ಮಂಕಾಗಿ ಹೋಗಿ ಕುಳಿತಾಗ ಚಿಗವ್ವ ಬಂದು ಪಕ್ಕಕ್ಕೆ ಕುಳಿತಳು. "ಭಾಳ ದೂರ ನೋಡಬ್ಯಾಡ ಮಗಳ. ದೂರ ನೋಡಿದ್ರ ನಾ ಅಡಿಗಿಮನಿ ಮುಟ್ಟತಿದ್ದಿಲ್ಲ. ಇವತ್ತ ಇಷ್ಟ ಸ್ಕೂಟು," ಎಂದು ನಾಲ್ಕು ಬೆರಳು ತೋರಿಸಿದಳು. ಅವತ್ತು ನಾನು ಊಟ ಮಾಡಿ ಮಲಗಿದೆ.

ಆಗಾಗ ಬಂದು ಹೋಗುತ್ತ ಪದ್ಮಶ್ರೀ ಮನೆಯವಳೇ ಆಗಿದ್ದಳು. ಒಮ್ಮೆ ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯ ಮಾತು ಬಂತು. ಮೇಲ್ಛಾವಣಿಯಲ್ಲಿ ಕಲ್ಲಿನ ಕಮಲ ತಲೆಕೆಳಗಾಗಿ ಅರಳಿದೆ ಎಂದು ಆಕೆ ವರ್ಣಿಸಿದ್ದೇ ತಡ, ಚಿಗವ್ವನಿಗೆ ನೋಡಲೇಬೇಕೆನಿಸಿತು. "ಬೆಳಗಾಂವಿಗೆ ಸಾವಿರ ಸಲ ಹೋಗೀನಿ. ಬರೇ ಬಜಾರ ನೋಡೀನಿ, ಇಲ್ಲಾ ದವಾಖಾನಿ ನೋಡೀನಿ."

ಒಂದು ರವಿವಾರ ಹೋದೆವು. ಮೆಟ್ಟಿಲ ತನಕ ಗಾಲಿಕುರ್ಚಿ. ಮುಂದೆ ಕಾಕಾ ಎತ್ತಿಕೊಳ್ಳಲು ಬಾಗಿದ. "ಬಿಡ್ರಿ, ಇಲ್ಲಿ ಎಲ್ಲಾರೂ ಚಪ್ಪಲ್ ಬಿಟ್ಟ ಹೊಂಟಾರ. ನಾ ಕುರ್ಚಿ ಬಿಟ್ಟ ಬರತೀನಿ," ಎಂದು ಇಳಿದಳು. ಮೆಟ್ಟಿಲಿಗೆ ಬೆನ್ನು ತಿರುಗಿಸಿ ಕುಳಿತು, ಒಂದೊಂದೇ ಮೆಟ್ಟಿಲು ಮೇಲೆ ಎತ್ತಿ ಎತ್ತಿ ಇಟ್ಟುಕೊಂಡಳು. ಒಳಗೆ ಕರಿಕಲ್ಲಿನ ನೆಲ ನುಣುಪಾಗಿ ತಣ್ಣಗಿತ್ತು. ಬಂದವರೆಲ್ಲ ಕುತ್ತಿಗೆ ಹಿಂದಕ್ಕೆ ಮುರಿದುಕೊಂಡು ನೋಡುತ್ತಿದ್ದರು, ಸ್ವಲ್ಪ ಹೊತ್ತಿಗೇ ನೋವಾಗಿ ತಲೆ ಇಳಿಸುತ್ತಿದ್ದರು. ಚಿಗವ್ವ ಕಮಲದ ನೇರ ಕೆಳಗೆ ಸರಿದು ಹೋಗಿ ಅಂಗಾತ ಮಲಗಿಬಿಟ್ಟಳು.

ಕಾವಲಿನವನು ಓಡಿಬಂದ. "ಅಮ್ಮಾರ, ಇಲ್ಲಿ ಮಲಗಾಂಗಿಲ್ರಿ."

"ಮಲಗಿಲ್ಲೋ ತಮ್ಮಾ, ನೋಡಾಕತ್ತೀನಿ. ನೀ ನೋಡೀಯೇನ ಹಿಂಗ ಒಮ್ಮೆರ?"

ಅವನು ಒಮ್ಮೆ ಮೇಲೆ ನೋಡಿ, ಬಾಗಿಲ ಕಡೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ಕಾಕಾ ಟೋಪಿ ತೆಗೆದು ಪಕ್ಕಕ್ಕಿಟ್ಟು ಆಕೆಯ ಬಾಜೂಕ್ಕೆ ಮಲಗಿದ. ಆಮೇಲೆ ನಾನು, ಆಮೇಲೆ ನಗುತ್ತ ನಗುತ್ತ ಪದ್ಮಶ್ರೀ. ಮಲಗಿ ನೋಡಿದ ಮೇಲೆಯೇ ನನಗೂ ತಿಳಿದದ್ದು: ಅಷ್ಟು ದೊಡ್ಡ ಕಲ್ಲು ಎಸಳೆಸಳಾಗಿ ಬಿಚ್ಚಿಕೊಳ್ಳುತ್ತ ಎದೆಯ ಮೇಲೇ ಇಳಿದು ಬರುತ್ತಿದ್ದಂತಿತ್ತು. ಚಿಗವ್ವ ಮೆಲ್ಲಗೆ, "ಇದನ್ನ ಮಾಡಿದಾವ ಇದನ್ನ ನೋಡಾಕ ನನ್ನಂಗ ಮಲಗಿರಬೇಕು ನೋಡ," ಅಂದಳು.

ಅದಾಗಿ ಕೆಲವು ವರ್ಷಕ್ಕೆ ಆ ದಿನ ಬಂತು.

ನಾಟಿಯ ಕಾಲ. ಹಿಂದಿನ ದಿನದ ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋಗಿತ್ತು, ಮೊಬೈಲುಗಳು ಸತ್ತಿದ್ದವು. ಗಾಲಿಕುರ್ಚಿಯ ಗಾಲಿ ಮುರಿದಿತ್ತು. ಉದ್ಯಮಬಾಗದಲ್ಲಿ ವೆಲ್ಡಿಂಗಿಗೆ ಕೊಡಲು ಹಿಂದಿನ ವಾರವಷ್ಟೇ ನಾನು ತಂದಿದ್ದೆ. ಮಧ್ಯಾಹ್ನ ಕಾಕಾ ಅಂಗಡಿ ಮುಚ್ಚಿ ಊಟಕ್ಕೆ ಬಂದ. ಊಟ ಮಾಡಿ ಕೈತೊಳೆಯಲು ಹಿತ್ತಲಿಗೆ ಹೋದವನು ಎದೆ ಹಿಡಿದುಕೊಂಡು ಕುಸಿದು ಬಿದ್ದ. ಚಿಗವ್ವ ಹೋಗಿ ನೋಡಿದರೆ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಮೈ ತಣ್ಣಗೆ ಬೆವರಿತ್ತು. ಕೂಗಿದಳು. ಇಂದೂಬಾಯಿಯ ಮನೆಯವರು, ಆಚೆ ಮನೆಯವರು ಎಲ್ಲರೂ ಗದ್ದೆಯಲ್ಲಿದ್ದರು. ಯಾರೂ ಓಗೊಡಲಿಲ್ಲ.

ತನ್ನ ಸೊಂಟದ ಕೌದಿ ಬಿಚ್ಚಿ, ಮಡಚಿ, ಕಾಕಾನ ತಲೆಯ ಕೆಳಗೆ ಇಟ್ಟಳು. ಆಮೇಲೆ ಆ ಮುರುಮಿನ ದಾರಿಗೆ ಇಳಿದಳು.

ಆ ದಾರಿಯನ್ನು ನಾನು ಬಲ್ಲೆ. ಮಳೆಗೆ ಮಣ್ಣು ತೊಳೆದುಹೋಗಿ ಚೂಪು ಕಲ್ಲುಗಳು ಎದ್ದು ನಿಂತಿರುತ್ತವೆ. ಚಪ್ಪಲಿ ಹಾಕಿಕೊಂಡು ನಡೆದರೂ ಒತ್ತುತ್ತವೆ. ಆ ಇಳಿಜಾರನ್ನು ಆಕೆ ಪೂರ್ತಿ ಹಾಗೇ ಇಳಿದು ರಸ್ತೆಗೆ ಬಂದಳು. ಮುಂದಿನದನ್ನು ಬಸ್ಸಿನ ಕಂಡಕ್ಟರು ನನಗೆ ಹೇಳಿದ. "ತಿರವಿನ್ಯಾಗ ಬಂದ್ವಿ ನೋಡ್ರಿ, ರಸ್ತಾದ ನಟ್ಟನಡುವ ಒಬ್ಬಾಕಿ ಕುಂತಾಳ, ಎರಡೂ ಕೈ ಮ್ಯಾಲೆತ್ತಿ. ಡ್ರೈವರ್ ಬ್ರೇಕ್ ಒತ್ತಿದ. ನಾ ಸಿಟ್ಟೀಲೆ ಇಳದೆ, ಬೈಬೇಕಂತ. ಹಂತ್ಯಾಕ ಹೋದ್ರ ಆ ಅಂಗೈ ಎರಡೂ ಬರೇ ರಕ್ತ. ಎತ್ತಾಕ ಹೋದೆ, ನನ್ನ ಕೈ ಸರಿಸಿದ್ಲು. 'ನನ್ನ ಮುಟ್ಟಬ್ಯಾಡೋ ಯಪ್ಪಾ. ಮ್ಯಾಲ ಮನ್ಯಾಗ ನಮ್ಮವರ ಬಿದ್ದಾರ. ಲಗೂನ ಅವರನ್ನ ತಗೊಂಬಾ' ಅಂದ್ಲು. ನಾನೂರ ಮಂದಿ ಮುಂದ ಸಾಹೇಬರು ಹುಕುಂ ಮಾಡಿದಂಗ ಇತ್ರಿ ಆ ದನಿ. ಬಸ್ಸಿನ ಮಂದಿ ಎಲ್ಲಾ ಓಡಿದ್ವಿ."

ಕಾಕಾನನ್ನು ಅದೇ ಬಸ್ಸಿನಲ್ಲಿ ಖಾನಾಪುರಕ್ಕೆ, ಅಲ್ಲಿಂದ ಬೆಳಗಾವಿಗೆ ಒಯ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಕಾಕಾ ಉಳಿದ.

ಚಿಗವ್ವ ಬಸ್ಸು ಹತ್ತಿರಲಿಲ್ಲ. ಸೀರೆ ಹರಿದಿದೆ, ಹೀಗೆ ಮಂದಿಯ ನಡುವೆ ಹೇಗೆ ಬರಲಿ ಎಂದಿದ್ದಳಂತೆ. ಸುದ್ದಿ ಕೇಳಿ ಗದ್ದೆಯಿಂದ ಓಡಿಬಂದ ಇಂದೂಬಾಯಿ ಸೀರೆ ಉಡಿಸುವಾಗ ನೋಡಿ ಚಿಟ್ಟನೆ ಚೀರಿದಳು. ನೋವೇ ತಿಳಿಯದ ಮೈ. ಎಷ್ಟು ಹರಿದಿದೆ ಎಂದು ಚಿಗವ್ವನಿಗೆ ಗೊತ್ತೇ ಇರಲಿಲ್ಲ. ಸಂಜೆಯ ಹೊತ್ತಿಗೆ ಆಕೆಯನ್ನೂ ನೆಹರು ನಗರಕ್ಕೆ ತಂದೆವು. ಗಂಡ ಹೆಂಡತಿ ಒಂದೇ ದವಾಖಾನೆಯ ಬೇರೆ ಬೇರೆ ಮಾಳಿಗೆಗಳಲ್ಲಿ.

ಗಾಯ ನೋಡಿ ಪದ್ಮಶ್ರೀ ಅತ್ತುಬಿಟ್ಟಳು. "ಮಾವಶಿ, ಎಳೀಬ್ಯಾಡ್ರಿ ಅಂತ ಹೇಳಿದ್ದೆ ನಾ. ಎತ್ತಿ ಇಡ್ರಿ ಅಂತ ಹೇಳಿದ್ದೆ."

"ಎತ್ತಿ ಇಟ್ಟಿದ್ರ ಸಂಜೀ ಆಕ್ಕಿತ್ತು ಮಗಳ," ಅಂದಳು ಚಿಗವ್ವ, ಬೋರಲು ಮಲಗಿದ್ದಲ್ಲಿಂದಲೇ. ಆಮೇಲೆ ನನ್ನ ಕಡೆ ಮುಖ ತಿರುಗಿಸಿದಳು. "ಸವೀ, ಅವತ್ತ ಮೊಬೈಲಿನ್ಯಾಗ ಎರಡ ಅರ್ಥ ಓದಿದ್ದಿ ನೋಡ. ಇಷ್ಟ ದಿನಾ ಒಂದ ಮಾಡಿದ್ದೆ. ಇವತ್ತ ಇನ್ನೊಂದೂ ಮಾಡಿದೆ. ಓಡಿದೆ ನಾ."

ಪಟ್ಟಿ ಸುತ್ತಿದ ಆಕೆಯ ಅಂಗೈ ಹಿಡಿದು ಕುಳಿತೆ.

ಆ ಗಾಯ ಮಾಗುವುದು, ಮತ್ತೆ ಒಡೆಯುವುದು ನಡೆದೇ ಇತ್ತು. ತಿಂಗಳುಗಟ್ಟಲೆ ಬೋರಲು ಮಲಗಿ ಕಳೆದಳು. ಮನೆಗೆ ಮರಳಿದ ಮೇಲೂ ಮೊದಲಿನಂತೆ ನೆಲಕ್ಕೆ ಇಳಿಯಲಾಗಲಿಲ್ಲ. ಅಡಿಗೆ ಕಾಕಾ ಮಾಡುತ್ತಿದ್ದ. ಆಕೆ ಹೊರಸಿನ ಮೇಲಿಂದ ಎಣ್ಣೆ ಕಾಯ್ದದ್ದನ್ನು ವಾಸನೆಯಲ್ಲೇ ತಿಳಿದು "ಹಾಕ್ರಿ ಈಗ" ಎನ್ನುತ್ತಿದ್ದಳು.

ಕೊನೆಯ ಸಲ ನೋಡಿದ್ದು ಒಂದು ಮಾಘದ ಮಧ್ಯಾಹ್ನ. ಗಾಯದಿಂದಾಗಿ ಜ್ವರ ಬಂದು ಹೋಗುತ್ತಿತ್ತು. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಚಿಗವ್ವ, ಅವತ್ತ ಆ ಕೌದಿ ಕಟಗೊಂಡ ಹೋಗಬಾರದಿತ್ತೇನ?"

ಇದೇನು ಪ್ರಶ್ನೆ ಎನ್ನುವಂತೆ ನೋಡಿದಳು.

"ಅವರ ತಲಿ ಕಲ್ಲಿನ ಮ್ಯಾಲ ಇತ್ತಲ್ಲ," ಅಂದಳು. ಅಷ್ಟೇ ಹೇಳಿ, ಇಂದೂಬಾಯಿಯ ಮೊಮ್ಮಗಳ ನಾಮಕರಣಕ್ಕೆ ಯಾವ ಹೆಸರು ಚಲೋ ಎಂದು ಮಾತು ಬದಲಿಸಿದಳು.

ಅದಾಗಿ ಎರಡು ವಾರಕ್ಕೆ ಸುದ್ದಿ ಬಂತು. ನಾವು ಹೋಗಿ ಮುಟ್ಟಿದಾಗ ಅಂಗಳ ತುಂಬಿತ್ತು. ನಮ್ಮಲ್ಲಿ ಹೋದವರನ್ನು ಮಲಗಿಸಿ ಕಳಿಸುವುದಿಲ್ಲ. ಪದ್ಮಾಸನ ಹಾಕಿಸಿ, ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ವಿಭೂತಿ ಹಚ್ಚಿ, ಕುಳಿತಂತೆಯೇ ಮಣ್ಣು ಮಾಡುತ್ತೇವೆ. ಹಿರಿಯರು ಚಿಗವ್ವನ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇಷ್ಟು ವರ್ಷ ಮರದ ಹಾಗೆ ಬಿದ್ದ ಕಾಲು, ಮಡಚುತ್ತವೆಯೋ ಇಲ್ಲವೋ. ಮುರಿದರೆ ಏನು ಗತಿ ಎಂದು ಯಾರೋ ಪಿಸುಗುಟ್ಟಿದರು.

"ನಾ ಮಾಡತೀನಿ," ಎಂದು ಕಾಕಾ ಮುಂದೆ ಬಂದ.

ಬಲಗಾಲಿನ ಹಿಮ್ಮಡಿಯ ಕೆಳಗೆ ಒಂದು ಕೈ, ಮೊಣಕಾಲಿನ ಕೆಳಗೆ ಒಂದು ಕೈ ಇಟ್ಟು ನಿಧಾನ ಎತ್ತಿದ. ಕಾಲು ಎಳೆಯ ಮಗುವಿನ ಕಾಲಿನಂತೆ ಮಡಚಿಕೊಂಡಿತು. ಆಮೇಲೆ ಎಡಗಾಲು. ದಿನಾ ಬೆಳಗಾಗೆದ್ದು, ಬಾಗಿಲು ಮುಂದಕ್ಕೆ ಹಾಕಿಕೊಂಡು, ಕೀಲು ಬಿಗಿಯದಂತೆ ಆ ಕಾಲುಗಳನ್ನು ಮಡಚಿ ಬಿಡಿಸಿ ಮಾಡುತ್ತಿದ್ದನೆಂಬುದು ನಮಗಾರಿಗೂ ಗೊತ್ತಿರಲಿಲ್ಲ. ತನ್ನ ಎದೆ ಕೈಕೊಟ್ಟ ಮೇಲೂ ಬಿಟ್ಟಿರಲಿಲ್ಲವಂತೆ. ಇಂದೂಬಾಯಿ ಆಮೇಲೆ ಹೇಳಿದಳು.

ಚಿಗವ್ವ ನೆಟ್ಟಗೆ ಕುಳಿತಳು. ವಿಭೂತಿ ಹಿಡಿದು ನಿಂತಿದ್ದ ಅಯ್ಯನವರು ಅರೆಗಳಿಗೆ ಕೈ ಮುಂದೆ ಮಾಡದೆ ಆಕೆಯನ್ನೇ ನೋಡಿದರು. ಕಾಕಾ ಸೀರೆಯ ನೆರಿಗೆ ಸರಿ ಮಾಡಿ, ಪಕ್ಕದಲ್ಲಿ ಅದೇ ಗೋಡೆಗೆ ಒರಗಿ ಕುಳಿತುಕೊಂಡ. ಹೊರಡುವ ಹೊತ್ತಾಗಿತ್ತು. ಅವನನ್ನು ಏಳು ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ.